ಪಿಕಪ್ ಕೊಳ್ಳುವ ಮುಂಚೆ ಹಿಂದಿನ ಆಕ್ಸಲ್ ಬಗ್ಗೆ ಕೇಳಿ

ತರಕಾರಿ ಬೆಳೆಯೋರು ಪಿಕಪ್ ತಗೋಬೇಕು ಅಂತ ಹೊರಟರೆ ಮೊದಲು ಕೇಳೋದು ಮೂರು ಪ್ರಶ್ನೆ: ಮೈಲೇಜ್ ಎಷ್ಟು, ಲೋಡ್ ಎಷ್ಟು ಹಾಕಬಹುದು, ತಿಂಗಳ ಕಂತು ಎಷ್ಟು. ಸ್ವಲ್ಪ ಉತ್ಸಾಹ ಇರೋರು ಎಷ್ಟು ಎಚ್‌ಪಿ, ಫೋರ್ ಬೈ ಫೋರ್ ಸಿಗುತ್ತಾ ಅಂತಲೂ ಕೇಳ್ತಾರೆ. ಹಿಂದಿನ ಆಕ್ಸಲ್ ಒಳಗೆ ಏನಿದೆ ಅಂತ ಕೇಳಿದ ಒಬ್ಬ ರೈತನನ್ನೂ ನಾನು ಇನ್ನೂ ನೋಡಿಲ್ಲ. ಆದರೆ ಮಳೆಗಾಲದಲ್ಲಿ ಟೊಮೆಟೊ ಕ್ರೇಟ್ ತುಂಬಿದ ಗಾಡಿ ಹೊಲದ ದಾರಿಯಲ್ಲಿ ಹೂತುಕೊಳ್ಳುತ್ತಾ ಅಥವಾ ದಾಟಿ ಬರುತ್ತಾ ಅನ್ನೋದು ಎಷ್ಟೋ ಸಲ ಅಲ್ಲೇ ತೀರ್ಮಾನ ಆಗೋದು.

ನಾನು ಓದಿದ್ದು ತೋಟಗಾರಿಕೆ, ಮಾಡ್ತಿರೋದು ಸಾವಯವ ತರಕಾರಿ. ಮೆಕ್ಯಾನಿಕ್ ಅಲ್ಲ. ಆದರೂ ಈ ವಾರ ಡಿಫರೆನ್ಷಿಯಲ್ ಲಾಕ್ ಬಗ್ಗೆ ಬರೀತಿದ್ದೀನಿ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ: ಕೆಸರು ದಾರಿಯ ರೈತನಿಗೆ ಹೆಚ್ಚು ಎಚ್‌ಪಿಗಿಂತ ಹಿಂದಿನ ಆಕ್ಸಲ್‌ನಲ್ಲಿ ಒಂದು ಲಾಕ್ ಇರೋದು ಹೆಚ್ಚು ಉಪಯೋಗ. ಆದರೆ ಆ ಲಾಕ್ ನಂಬಿ ಹಸಿ ಹೊಲದೊಳಗೆ ಗಾಡಿ ಇಳಿಸೋದಾದರೆ ಅದು ಇಲ್ಲದಿರೋದೇ ಒಳ್ಳೇದು.

ಡಿಫರೆನ್ಷಿಯಲ್ ಯಾಕೆ ಬೇಕಾಯಿತು?

ಗಾಡಿ ತಿರುಗುವಾಗ ಹೊರಗಡೆ ಚಕ್ರ ಹೆಚ್ಚು ದೂರ ಓಡಬೇಕು, ಒಳಗಡೆಯದು ಕಡಿಮೆ. ಎರಡು ಹಿಂದಿನ ಚಕ್ರಗಳ ನಡುವೆ 1.4 ಮೀಟರ್ ಅಂತರ ಇದೆ ಅಂದುಕೊಳ್ಳಿ. ಒಂದು ಅಡ್ಡರಸ್ತೆಗೆ ನೇರ ಮೂಲೆಯಲ್ಲಿ ತಿರುಗಿದರೆ ಹೊರಚಕ್ರ ಒಳಚಕ್ರಕ್ಕಿಂತ ಸುಮಾರು 2.2 ಮೀಟರ್ ಹೆಚ್ಚು ಓಡಿರುತ್ತೆ. ಎರಡನ್ನೂ ಒಂದೇ ಗಟ್ಟಿ ಸರಳಿಗೆ ಕಟ್ಟಿದರೆ ಟೈರ್ ಉಜ್ಜಿಕೊಂಡು ಹೋಗಬೇಕು, ಇಲ್ಲವೇ ಆಕ್ಸಲ್ ತಿರುಚಿಕೊಳ್ಳಬೇಕು. ಇದಕ್ಕೆ ಪರಿಹಾರವಾಗಿ ಫ್ರಾನ್ಸಿನ ಗಡಿಯಾರ ತಯಾರಕ ಒನೆಸಿಫೋರ್ ಪೆಕರ್ 1827ರಲ್ಲಿ ಉಗಿ ಬಂಡಿಗಾಗಿ ಡಿಫರೆನ್ಷಿಯಲ್‌ಗೆ ಪೇಟೆಂಟ್ ಪಡೆದ. ಇವತ್ತಿನ ಪಿಕಪ್‌ನಲ್ಲಿರೋದೂ ಅದೇ ತತ್ವ.

ಹಿಂದಿನ ಹೌಸಿಂಗ್ ಒಳಗೆ ಕ್ರೌನ್ ವೀಲ್ ಇದೆ. ಅದಕ್ಕೆ ಅಂಟಿಕೊಂಡ ಗೂಡಿನೊಳಗೆ ಸಣ್ಣ ಸ್ಟಾರ್ ಗೇರುಗಳು. ಅವುಗಳ ಎರಡೂ ಕಡೆ ಒಂದೊಂದು ಸೈಡ್ ಗೇರ್, ಅದರಿಂದ ಒಂದೊಂದು ಚಕ್ರಕ್ಕೆ ಒಂದೊಂದು ಆಕ್ಸಲ್ ಶಾಫ್ಟ್. ನೇರ ಹೋಗುವಾಗ ಸ್ಟಾರ್ ಗೇರು ತನ್ನ ಸುತ್ತ ತಾನು ತಿರುಗಲ್ಲ, ಇಡೀ ಗೂಡು ಒಟ್ಟಿಗೆ ಸುತ್ತುತ್ತೆ. ತಿರುವಿನಲ್ಲಿ ಸ್ಟಾರ್ ಗೇರು ಉರುಳಿ ಒಂದು ಚಕ್ರಕ್ಕೆ ವೇಗ ಕೊಟ್ಟು ಇನ್ನೊಂದಕ್ಕೆ ಅಷ್ಟೇ ಕಡಿಮೆ ಮಾಡುತ್ತೆ. ಟಾರ್ ರಸ್ತೆಗೆ ಇದಕ್ಕಿಂತ ಚೆಂದದ ವ್ಯವಸ್ಥೆ ಇಲ್ಲ.

ಕೆಸರಿನಲ್ಲಿ ಅದೇ ಗುಣ ಕೈ ಕೊಡುತ್ತೆ

ತುಂಬಾ ಜನ ತಿಳ್ಕೊಂಡಿರೋದು, ಜಾರುವ ಚಕ್ರಕ್ಕೆ ಶಕ್ತಿಯೆಲ್ಲ ಹೋಗುತ್ತೆ, ಗಟ್ಟಿ ನೆಲದಲ್ಲಿರೋದಕ್ಕೆ ಏನೂ ಸಿಗಲ್ಲ ಅಂತ. ಪೂರ್ತಿ ಸರಿಯಲ್ಲ. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಕಡೆಗೆ ಹೆಚ್ಚುಕಮ್ಮಿ ಸಮವಾದ ಎಳೆತ ಕೊಡುತ್ತೆ. ತೊಂದರೆ ಇರೋದೇ ಆ ಸಮಪಾಲಿನಲ್ಲಿ. ಲೆಕ್ಕ ಸುಲಭ ಆಗಲಿ ಅಂತ ಅಂದಾಜಿನ ಅಂಕಿ ಇಟ್ಟುಕೊಳ್ಳೋಣ. ಕೆಸರಿನಲ್ಲಿರೋ ಚಕ್ರಕ್ಕೆ 30 ಕೆಜಿ ಎಳೆತ ಮಾತ್ರ ನೆಲದಲ್ಲಿ ಸಿಗುತ್ತೆ, ಅದಕ್ಕಿಂತ ಹೆಚ್ಚು ಕೊಟ್ಟರೆ ಜಾರುತ್ತೆ. ಗಟ್ಟಿ ನೆಲದ ಚಕ್ರ 300 ಕೆಜಿ ತಡೆಯಬಲ್ಲದು. ಗಾಡಿ ಅಲುಗಾಡಲು 200 ಬೇಕು. ಕೆಸರಿನ ಚಕ್ರ 30ರಲ್ಲೇ ಸೋತಿತಲ್ಲ, ಗಟ್ಟಿ ನೆಲದ್ದಕ್ಕೂ 30 ಮಾತ್ರ ಹೋಗುತ್ತೆ. ಒಟ್ಟು 60. ಗಾಡಿ ನಿಂತಲ್ಲೇ ನಿಲ್ಲುತ್ತೆ.

ಇಲ್ಲಿ ಎಚ್‌ಪಿ ಎಷ್ಟಿದ್ದರೂ ಪ್ರಯೋಜನ ಇಲ್ಲ. ಆಕ್ಸಿಲರೇಟರ್ ತುಳಿದಷ್ಟೂ ಜಾರುವ ಚಕ್ರ ಗುಂಡಿ ತೋಡುತ್ತೆ. ಇನ್ನೊಂದು ಚಕ್ರ ನಿಂತಿರೋದರಿಂದ ಇದು ಎರಡು ಪಟ್ಟು ವೇಗದಲ್ಲಿ ಸುತ್ತುತ್ತಿರುತ್ತೆ. ಮೀಟರ್ 30 ತೋರಿಸಿದರೆ ಆ ಟೈರ್ 60ರಲ್ಲಿ ತಿರುಗ್ತಿದೆ ಅಂತ ಅರ್ಥ. ಒಳಗೆ ಸ್ಟಾರ್ ಗೇರುಗಳು ತಮ್ಮ ಪಿನ್ ಮೇಲೆ ಉಜ್ಜಿ ಕಾಯ್ತಾ ಇರ್ತವೆ. ಹತ್ತು ನಿಮಿಷ ಹೀಗೆ ರೇಸ್ ಮಾಡಿ ಹೌಸಿಂಗ್ ಕೆಲಸಕ್ಕೆ ಗ್ಯಾರೇಜಿಗೆ ಹೋದ ಗಾಡಿಗಳು ನಮ್ಮ ಕಡೆ ಇವೆ.

ಲಾಕ್ ಮಾಡೋದು ಇಷ್ಟೇ: ಒಂದು ಸೈಡ್ ಗೇರನ್ನು ಗೂಡಿಗೇ ಬಿಗಿದುಬಿಡುತ್ತೆ. ಆಗ ಸ್ಟಾರ್ ಗೇರು ಉರುಳೋಕಾಗಲ್ಲ, ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನ ಚಕ್ರ ತನ್ನ 30 ಹಿಡಿಯುತ್ತೆ, ಉಳಿದ 170 ಗಟ್ಟಿ ನೆಲದ್ದು ಹಿಡಿಯುತ್ತೆ. ಗಾಡಿ ಹೊರಗೆ.

ಇದು ನಿಮಗೆ ಹೊಸದೇನಲ್ಲ. ಬಹುಪಾಲು ಟ್ರ್ಯಾಕ್ಟರ್‌ಗಳಲ್ಲಿ ಸೀಟಿನ ಬುಡದಲ್ಲಿ ಹಿಮ್ಮಡಿಗೆ ಸಿಗುವ ಹಾಗೆ ಒಂದು ಪೆಡಲ್ ಇರುತ್ತಲ್ಲ, ಅದೇ ಡಿಫ್ ಲಾಕ್. ಅಪ್ಪ, ದೊಡ್ಡಪ್ಪಂದಿರು ಅದನ್ನು ತುಳಿದು ಗದ್ದೆಯಿಂದ ಹೊರಗೆ ಬಂದಿರೋದನ್ನ ನೋಡೇ ಇರ್ತೀರಿ. ಟ್ರ್ಯಾಕ್ಟರ್ ಜೊತೆಗೆ ಬಂದಿರೋದನ್ನ ಪಿಕಪ್‌ನಲ್ಲಿ ಯಾಕೆ ಕೇಳಲ್ಲ ಅನ್ನೋದೇ ನನ್ನ ಪ್ರಶ್ನೆ.

ಎಲ್ಲ ಲಾಕೂ ಒಂದೇ ಥರ ಅಲ್ಲ

ಒಂದು, ನಾವೇ ಹಾಕೋದು. ಟೊಯೋಟಾ ಹೈಲಕ್ಸ್‌ನಲ್ಲಿ ಬಟನ್ ಒತ್ತಿದರೆ ವಿದ್ಯುತ್ತಿನಿಂದ ಲಾಕ್ ಆಗುತ್ತೆ. ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿಯದು ಗಾಳಿ ಒತ್ತಡದಿಂದ ಆಗುತ್ತೆ. ಇವು ಬಿಗಿದರೆ ಪೂರ್ತಿ ಬಿಗಿ, ಬಿಟ್ಟರೆ ಪೂರ್ತಿ ಸಡಿಲ.

ಎರಡು, ತಾನೇ ಹಾಕಿಕೊಳ್ಳೋದು. ಈಟನ್ ಕಂಪನಿ 1973ರಿಂದ ಅಮೆರಿಕದ ಜನರಲ್ ಮೋಟರ್ಸ್ ಪಿಕಪ್‌ಗಳಿಗೆ ಕೊಡುತ್ತಾ ಬಂದಿರೋದು ಈ ಜಾತಿ. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತು ವ್ಯತ್ಯಾಸ ಬಂದರೆ ಒಳಗಿನ ಸಣ್ಣ ತೂಕಗಳು ಹೊರಗೆ ಚಾಚಿ ಕೊಕ್ಕೆಗೆ ಸಿಕ್ಕಿಕೊಂಡು ಲಾಕ್ ಮಾಡುತ್ತವೆ. ಗಾಡಿ ಗಂಟೆಗೆ ಸುಮಾರು 32 ಕಿ.ಮೀ. ದಾಟಿದ ಮೇಲೆ ಹೊಸದಾಗಿ ಲಾಕ್ ಆಗಲ್ಲ. ನಮ್ಮಲ್ಲಿ ಮಹೀಂದ್ರ ಕಂಪನಿ ಬೊಲೆರೊ ನಿಯೋ ಎನ್10 (ಓ) ಮಾದರಿಯಲ್ಲಿ ಕೊಟ್ಟಿದ್ದು ಇದೇ ಬಗೆಯ ಮೆಕ್ಯಾನಿಕಲ್ ಲಾಕ್. ಜೀಪಿನಂಥ ಗಾಡಿಗೆ ಕೊಡೋಕಾಗುತ್ತೆ ಅಂದರೆ ತರಕಾರಿ ಹೊರುವ ಪಿಕಪ್‌ಗೂ ಕೊಡಿ ಅಂತ ನಾವು ಕೇಳಬಹುದು. ಕೇಳೋರೇ ಇಲ್ಲದಿದ್ದರೆ ಕಂಪನಿಗಳು ಯಾಕೆ ಕೊಡ್ತಾವೆ?

ಮೂರು, ಲಿಮಿಟೆಡ್ ಸ್ಲಿಪ್. ಇದರಲ್ಲಿ ಕ್ಲಚ್ ಪ್ಲೇಟಿನಂಥ ತಟ್ಟೆಗಳು ಸ್ವಲ್ಪ ಬಿಗಿ ಹಿಡಿಯುತ್ತವೆ, ಪೂರ್ತಿ ಲಾಕ್ ಮಾಡಲ್ಲ. ನಾಲ್ಕು, ಟ್ರ್ಯಾಕ್ಷನ್ ಕಂಟ್ರೋಲ್. ಇದರಲ್ಲಿ ಲಾಕೇ ಇಲ್ಲ; ಕಂಪ್ಯೂಟರ್ ಜಾರುವ ಚಕ್ರಕ್ಕೆ ಬ್ರೇಕ್ ಹಾಕುತ್ತೆ, ಸಮಪಾಲಿನ ಲೆಕ್ಕದಲ್ಲಿ ಇನ್ನೊಂದು ಕಡೆಗೂ ಎಳೆತ ಏರುತ್ತೆ. ಟ್ರ್ಯಾಕ್ಟರ್‌ನಲ್ಲಿ ಜಾರುವ ಕಡೆಯ ಬ್ರೇಕ್ ಪೆಡಲ್ ಮಾತ್ರ ತುಳಿಯುವ ಹಳೇ ಉಪಾಯ ಇದೇ.

ಫೋರ್ ಬೈ ಫೋರ್ ಇದ್ದರೆ ಲಾಕ್ ಬೇಡ ಅನ್ನೋರಿಗೆ ಒಂದು ಮಾತು. ಮುಂದೆ ಹಿಂದೆ ಎರಡೂ ಡಿಫರೆನ್ಷಿಯಲ್ ಸಾಮಾನ್ಯದ್ದಾಗಿದ್ದರೆ, ಮುಂದಿನ ಎಡ ಚಕ್ರವೂ ಹಿಂದಿನ ಬಲ ಚಕ್ರವೂ ಗುಂಡಿಗೆ ಬಿದ್ದಾಗ ನಾಲ್ಕು ಚಕ್ರದ ಗಾಡಿಯೂ ಎರಡು ಚಕ್ರ ಸುತ್ತಿಸುತ್ತಾ ನಿಲ್ಲುತ್ತೆ.

ಎಲ್ಲಿ ಹಾಕಬೇಕು, ಎಲ್ಲಿ ಹಾಕಲೇಬಾರದು

ಹೂತ ಮೇಲೆ ಲಾಕ್ ಹುಡುಕಬೇಡಿ. ಕೆಟ್ಟ ಜಾಗ ಕಂಡ ಕೂಡಲೇ ಗಾಡಿ ನಿಲ್ಲಿಸಿ, ಇಳಿದು ನಡೆದು ನೋಡಿ, ಆಮೇಲೆ ಲಾಕ್ ಹಾಕಿ, ಮೊದಲ ಗೇರಿನಲ್ಲಿ ಸ್ಟೇರಿಂಗ್ ನೇರ ಇಟ್ಟು ದಾಟಿ. ಚಕ್ರ ಜೋರಾಗಿ ಸುತ್ತುತ್ತಿರುವಾಗ ಬಟನ್ ಒತ್ತಿದರೆ ಒಳಗಿನ ಹಲ್ಲುಗಳು ಬಡಿದುಕೊಳ್ಳುತ್ತವೆ. ಲಾಕ್ ಇದ್ದಾಗ ಪೂರ್ತಿ ಎಳೆತ ಒಂದೇ ಶಾಫ್ಟಿನ ಮೇಲೆ ಬೀಳಬಹುದು, ಹಾಗಾಗಿ ಜಗ್ಗಿ ಜಗ್ಗಿ ಆಕ್ಸಿಲರೇಟರ್ ಕೊಟ್ಟರೆ ಶಾಫ್ಟ್ ತುಂಡಾಗುತ್ತೆ.

ದಾಟಿದ ತಕ್ಷಣ ಲಾಕ್ ಬಿಡಿ. ಬಟನ್ ಬಿಟ್ಟ ಕೂಡಲೇ ಕೆಲವು ಸಲ ಬಿಡಲ್ಲ. ನಾಲ್ಕು ಮಾರು ನೇರ ಓಡಿಸಿ, ಡ್ಯಾಶ್‌ಬೋರ್ಡ್ ದೀಪ ಆರಿದೆಯಾ ನೋಡಿ. ಲಾಕ್ ಇದ್ದ ಗಾಡಿ ಟಾರ್ ರಸ್ತೆಯಲ್ಲಿ ತಿರುಗೋಕೆ ಒಪ್ಪಲ್ಲ, ನೇರಕ್ಕೇ ನುಗ್ಗುತ್ತೆ.

ಮಲೆನಾಡಿನ ಗೆಳೆಯರು ಇದನ್ನ ಗಮನಿಸಿ. ಅಡ್ಡ ಇಳಿಜಾರಿನಲ್ಲಿ, ಒಂದು ಪಕ್ಕ ಎತ್ತರ ಇನ್ನೊಂದು ಪಕ್ಕ ಕಣಿವೆ ಇರುವ ತೋಟದ ದಾರಿಯಲ್ಲಿ, ಒದ್ದೆ ಮಣ್ಣಿದ್ದರೆ ಲಾಕ್ ಅಪಾಯ. ಸಾಮಾನ್ಯ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಜಾರಿದರೂ ಜಾರದ ಇನ್ನೊಂದು ಗಾಡಿಯ ಹಿಂಭಾಗವನ್ನು ಪಕ್ಕಕ್ಕೆ ಸರಿಯದಂತೆ ಹಿಡಿದಿರುತ್ತೆ. ಲಾಕ್ ಹಾಕಿದಾಗ ಎರಡೂ ಒಟ್ಟಿಗೆ ಜಾರಿದರೆ ಗಾಡಿಯ ಹಿಂಭಾಗ ಕಣಿವೆ ಕಡೆಗೇ ಸರಿಯುತ್ತೆ. ಅಲ್ಲಿ ನಿಲ್ಲಿಸಿ, ಲೋಡ್ ಇಳಿಸೋದೇ ಜಾಣತನ.

ಮಣ್ಣಿನ ಮಾತು

ಈಗ ನನ್ನ ನಿಜವಾದ ತಕರಾರಿಗೆ ಬರ್ತೀನಿ. ಲಾಕ್ ಇದೆ ಅಂದ ಕೂಡಲೇ ಮಡಿಯ ಪಕ್ಕಕ್ಕೇ ಗಾಡಿ ತಂದು ಕ್ರೇಟ್ ತುಂಬೋ ಆಸೆ ಬರುತ್ತೆ. ಲಾಕ್ ಗಾಡಿಯ ತೂಕ ಇಳಿಸಲ್ಲ. ಹಸಿ ಮಣ್ಣಿನ ಮೇಲೆ ತುಂಬಿದ ಪಿಕಪ್ ಹೋದರೆ ಮಣ್ಣಿನ ಸಣ್ಣ ರಂಧ್ರಗಳು ಮುಚ್ಚುತ್ತವೆ. ಗಾಳಿ, ನೀರು, ಬೇರು ಯಾವುದೂ ಇಳಿಯಲ್ಲ. ವರ್ಷಗಟ್ಟಲೆ ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ, ಜೀವಾಮೃತ ಹಾಕಿ ಎರೆಹುಳು ತಂದುಕೊಂಡ ಜಾಗವನ್ನ ಒಂದು ಸಂಜೆ ಇಟ್ಟಿಗೆ ಮಾಡಿಬಿಡಬಹುದು. ಎರೆಭೂಮಿಯವರಿಗಂತೂ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಜೇಡಿ ಅಂಶ ಇರೋ ಮಣ್ಣಿಗೆ ಸುಲಭದ ಪರೀಕ್ಷೆ ಇದೆ. ಒಂದು ಗೇಣು ಆಳದಿಂದ ಮಣ್ಣು ತೆಗೆದು ಅಂಗೈಯಲ್ಲಿ ಬತ್ತಿ ಹೊಸೆಯಿರಿ. ಬಿರುಕು ಬಿಡದೆ ತೆಳ್ಳಗೆ ಬತ್ತಿ ಬಂದರೆ ಆ ದಿನ ಯಾವ ಗಾಡಿಯೂ ಹೊಲಕ್ಕೆ ಇಳಿಯಬಾರದು. ಕ್ರೇಟ್ ತಲೆ ಮೇಲೆ ಹೊತ್ತು ಬದುವಿನ ತನಕ ತನ್ನಿ.

ಯಾರಿಗೆ ಬೇಡ?

ಎಲ್ಲರೂ ಇದಕ್ಕೆ ದುಡ್ಡು ಸುರಿಯಿರಿ ಅಂತ ನಾನು ಹೇಳ್ತಿಲ್ಲ. ನಿಮ್ಮ ತೊಂದರೆ ವರ್ಷವಿಡೀ ಒಂದೇ ಇಪ್ಪತ್ತು ಮೀಟರ್ ಕೆಸರಿನದಾಗಿದ್ದರೆ, ಅಲ್ಲಿಗೆ ಕಲ್ಲು ಗರಸು ಹಾಕಿಸಿ, ಪಕ್ಕದಲ್ಲಿ ನೀರು ಹೋಗೋಕೆ ಕಾಲುವೆ ತೆಗೆಯಿರಿ. ಅದು ನಿಮ್ಮ ಗಾಡಿಗೂ ಅಕ್ಕಪಕ್ಕದವರ ಎತ್ತಿನ ಗಾಡಿಗೂ ಆಗುತ್ತೆ. ಹಲ್ಲು ಸವೆದ ಟೈರ್ ಇಟ್ಟುಕೊಂಡು ಲಾಕ್ ಹುಡುಕೋದೂ ವ್ಯರ್ಥ. ಎರಡೂ ಚಕ್ರ ಜಾರಿದರೆ ಲಾಕ್ ಏನು ಮಾಡುತ್ತೆ?

"ಟ್ರ್ಯಾಕ್ಟರ್ ಇದೆಯಲ್ಲ, ಎಳೆಸಿದರಾಯ್ತು" ಅನ್ನೋರಿದ್ದಾರೆ. ಬೆಳಗಿನ ಜಾವ ನಾಲ್ಕಕ್ಕೆ ಮಂಡಿಗೆ ಹೊರಟಾಗ ಯಾರ ಟ್ರ್ಯಾಕ್ಟರ್ ಬರುತ್ತೆ? ಬಂದರೂ, ಬಿಗಿದ ಸರಪಳಿ ತುಂಡಾದರೆ ಪಕ್ಕ ನಿಂತವರ ಕಾಲು ಮುರಿಯುತ್ತೆ, ಜೀವವೂ ಹೋಗಬಹುದು. ಎಳೆಸಲೇಬೇಕಾದರೆ ಜನರನ್ನ ದೂರ ನಿಲ್ಲಿಸಿ.

ಲಾಕ್ ಇಲ್ಲದ ಗಾಡಿ ಈಗಾಗಲೇ ಇದೆಯಾ? ಹೂತರೆ ಮೊದಲು ಆಕ್ಸಿಲರೇಟರ್ ಬಿಡಿ. ಜಾರುವ ಚಕ್ರದ ಮುಂದಿನ ಮಣ್ಣು ಸಲಿಕೆಯಲ್ಲಿ ತೆಗೆದು ಕಲ್ಲು, ಹಲಗೆ ಕೊಡಿ. ಹ್ಯಾಂಡ್‌ಬ್ರೇಕ್ ಹಿಂದಿನ ಚಕ್ರಗಳನ್ನೇ ಹಿಡಿಯುವ ಗಾಡಿಯಾದರೆ ಅದನ್ನ ಒಂದೆರಡು ಹಲ್ಲು ಮಾತ್ರ ಎಳೆದು, ನಿಧಾನ ಎತ್ತಿ ನೋಡಿ. ಜಾರುವ ಚಕ್ರಕ್ಕೆ ತಡೆ ಸಿಕ್ಕಷ್ಟೂ ಇನ್ನೊಂದಕ್ಕೆ ಸ್ವಲ್ಪ ಹೆಚ್ಚು ಎಳೆತ ಸಿಗುತ್ತೆ. ಸ್ಟಾರ್ ಗೇರುಗಳಿಗೆ ವೆಲ್ಡಿಂಗ್ ಹೊಡೆಸಿ ಅಂತ ಯಾರಾದರೂ ಹೇಳಿದರೆ ಕಿವಿಗೆ ಹಾಕ್ಕೋಬೇಡಿ. ಅದು ಬಿಡಿಸೋಕಾಗದ ಲಾಕ್, ರಸ್ತೆಗೆ ಬಂದರೆ ಅಪಾಯ.

ಸೆಕೆಂಡ್ ಹ್ಯಾಂಡ್ ಗಾಡಿ ನೋಡುವಾಗ ಮೆಕ್ಯಾನಿಕ್ ಕೈಲಿ ಒಂದು ಕೆಲಸ ಮಾಡಿಸಿ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಗೇರಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿ. ಒಂದು ಚಕ್ರ ಕೈಯಲ್ಲಿ ತಿರುಗಿಸಿದಾಗ ಇನ್ನೊಂದು ಉಲ್ಟಾ ತಿರುಗಿದರೆ ಡಿಫರೆನ್ಷಿಯಲ್ ಆ ಹೊತ್ತಿಗೆ ಲಾಕ್ ಆಗಿಲ್ಲ. ಲಾಕ್ ಬಟನ್ ಇರೋ ಗಾಡಿಯಲ್ಲಿ ಲಾಕ್ ಹಾಕಿದ ಮೇಲೆ ಎರಡೂ ತಿರುಗಬಾರದು. ತಾನೇ ಹಾಕಿಕೊಳ್ಳುವ ಜಾತಿಯದು ನಿಧಾನ ತಿರುಗಿಸಿದರೆ ಲಾಕ್ ಆಗಲ್ಲ, ಅದನ್ನ ಮಾದರಿಯ ಕೈಪಿಡಿಯಲ್ಲೇ ನೋಡಬೇಕು.

ಹೊಸದಾದರೆ ಶೋರೂಮಿನಲ್ಲಿ ಹೀಗೆ ಕೇಳಿ: ಹಿಂದಿನ ಡಿಫರೆನ್ಷಿಯಲ್ ಯಾವ ಬಗೆಯದು? ಲಾಕ್ ನಾನು ಹಾಕಬೇಕಾ, ತಾನೇ ಆಗುತ್ತಾ? ಹೊರಗಿನಿಂದ ಹಾಕಿಸಿದರೆ ವಾರಂಟಿ ಉಳಿಯುತ್ತಾ, ಬರೆದು ಕೊಡ್ತೀರಾ? ಸೇಲ್ಸ್ ಹುಡುಗನಿಗೆ ಗೊತ್ತಿಲ್ಲದಿದ್ದರೆ ಗೊತ್ತಿರೋರನ್ನ ಕರೆಸಲಿ. ಐದು ವರ್ಷ ಕಂತು ಕಟ್ಟೋರು ನಾವು.