ಅಕ್ಷರಕ್ಕೆ ಬೊಜ್ಜು ಬಂದರೆ

ಮನುಷ್ಯನಿಗೆ ಬೊಜ್ಜು ಬಂದರೆ ವೈದ್ಯರು ಎಚ್ಚರಿಕೆ ಹೇಳುತ್ತಾರೆ. ಅಕ್ಷರಕ್ಕೆ ಬೊಜ್ಜು ಬರಿಸಲು ವರ್ತಕರು ಹಣವನ್ನೇ ಕೊಡುತ್ತಾರೆ! ಐಸ್‌ಕ್ರೀಮಿನ ಅಂಗಡಿ, ಆಟಿಕೆಯ ಮಳಿಗೆ, ಶಿಶುವಿಹಾರ, ಇವುಗಳ ಫಲಕಗಳನ್ನು ನೋಡಿರಿ. ಎಣ್ಣೆಯಲ್ಲಿ ಉಬ್ಬಿದ ಪೂರಿಗಳಂತೆ ಅಕ್ಷರಗಳು ಒಂದಕ್ಕೊಂದು ಆತು ನಿಂತಿರುತ್ತವೆ.

ಈ ಚಪಲ ನಮ್ಮದಷ್ಟೇ ಅಲ್ಲ. ಅಮೆರಿಕದ ಆಸ್ವಾಲ್ಡ್ ಕೂಪರ್ ಎಂಬಾತ ರೂಪಿಸಿದ, ದಪ್ಪ ಮೈಯ ‘ಕೂಪರ್ ಬ್ಲ್ಯಾಕ್’ ಅಚ್ಚಕ್ಷರ 1922ರಲ್ಲಿ ಹೊರಬಂದಿತು. ಜಾಹೀರಾತಿನ ಲೋಕ ಅದನ್ನು ಇಂದಿಗೂ ಕೈಬಿಟ್ಟಿಲ್ಲ. ನಮ್ಮಲ್ಲಿ ಮುಂಬಯಿಯ ‘ಏಕ್ ಟೈಪ್’ ಬಳಗದವರು 2010ರ ದಶಕದಲ್ಲಿ ಭಾರತದ ಹಲವು ಲಿಪಿಗಳಿಗೆ ‘ಬಾಲೂ’ ಎಂಬ ಗುಂಡು ಅಕ್ಷರಗಳ ಕುಟುಂಬವನ್ನು ರಚಿಸಿ, ಯಾರು ಬೇಕಾದರೂ ಉಚಿತವಾಗಿ ಬಳಸಲೆಂದು ಲೋಕಕ್ಕೆ ಬಿಟ್ಟರು. ಕನ್ನಡದ್ದು ‘ತಮ್ಮ’, ತೆಲುಗಿನದು ‘ತಮ್ಮುಡು’, ತಮಿಳಿನದು ‘ತಂಬಿ’.

ಈ ನಾಮಕರಣ ಬಳ್ಳಾರಿಯವರಿಗೆ ಹಿಡಿಸದೆ ಇರದು. 1953ರ ಅಕ್ಟೋಬರ್ 1ರಂದು ಹಳೆಯ ಬಳ್ಳಾರಿ ಜಿಲ್ಲೆ ಹಂಚಿಹೋದಾಗ ಆದವಾನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದವು. ಬಳ್ಳಾರಿ, ಸಿರುಗುಪ್ಪ ಮೊದಲಾದವು ಮೈಸೂರಿಗೆ ಬಂದವು. ನೆಲಕ್ಕೆ ಗಡಿ ಬಿದ್ದರೂ ಅಕ್ಷರಗಳ ಒಡಹುಟ್ಟು ಅಳಿಯಲಿಲ್ಲ. ಎರಡು ಲಿಪಿಗಳಿಗೂ ತಾಯಿ ಒಬ್ಬಳೇ. ಹಲವು ಅಕ್ಷರಗಳಲ್ಲಿ ಮೈ ಒಂದೇ, ತಲೆಕಟ್ಟಿನಲ್ಲಿ ಮಾತ್ರ ಭೇದ.

ಆದರೆ ರೋಮನ್ ಅಕ್ಷರಕ್ಕೆ ಒಪ್ಪುವ ಊಟ ಕನ್ನಡಕ್ಕೆ ಒಗ್ಗಬೇಕಲ್ಲ! ನೆಟ್ಟಗಿನ ಗೆರೆಗಳನ್ನು ದುಂಡಾಗಿಸಿದರೆ ಅದಕ್ಕೊಂದು ಹೊಸ ಸೊಗಸು. ಕನ್ನಡವಾದರೋ ಹುಟ್ಟಿನಿಂದಲೇ ದುಂಡು. ಕುರುಗೋಡಿನ ಸಿಂದರ ಕಾಲದ, 12ನೆಯ ಶತಮಾನದ ಶಾಸನಗಳಲ್ಲಿ ಕಲ್ಲಿನ ಮೇಲೆಯೂ ಅದು ಬಾಗಿ ಬಳುಕಿದೆ. ನಮ್ಮ ಅಕ್ಷರದ ಅರ್ಥ ಅಡಗಿರುವುದು ಒಳಗಿನ ಬಯಲಿನಲ್ಲಿ, ಸಣ್ಣ ಸೀಳಿನಲ್ಲಿ. ‘ಠ’ಕಾರದ ಹೊಟ್ಟೆ ತುಂಬಿ ಚುಕ್ಕೆಗೆ ಎಡೆಯಿಲ್ಲದಾದರೆ ‘ಮಠ’ವು ‘ಮರ’ವಾಗುತ್ತದೆ. ‘ಧ’ಕಾರದ ಸೀಳು ಮುಚ್ಚಿದರೆ ‘ಧನ’ವು ‘ದನ’ವಾಗುತ್ತದೆ, ಲಕ್ಷ್ಮಿಯನ್ನು ಕರೆಯಹೋದ ವರ್ತಕನ ಬಾಗಿಲಿಗೆ ಎಮ್ಮೆ ಬಂದು ನಿಂತೀತು! ಬಲ್ಲವರು ರೂಪಿಸಿದ ಅಕ್ಷರದಲ್ಲಿ ಈ ಎಡೆಗಳು ಉಳಿದಿರುತ್ತವೆ. ಅದಕ್ಕೆ ಮೇಲೊಂದು ಅಂಚು, ಹಿಂದೊಂದು ನೆರಳು ಸೇರಿಸಿ ಇನ್ನಷ್ಟು ಉಬ್ಬಿಸುವ ಉತ್ಸಾಹಿಗಳಿಂದಲೇ ಅಪಾಯ.

ಇದು ಬರಿಯ ಅಂದಚೆಂದದ ಮಾತಲ್ಲ. ಸಿರುಗುಪ್ಪದಂಥ ಗಡಿಯೂರಿನಲ್ಲಿ ಮನೆಯೊಳಗೆ ತೆಲುಗನ್ನೋ ಉರ್ದುವನ್ನೋ ಆಡುವ ಮಗುವಿಗೆ, ಶಾಲೆಯ ಹೊರಗಿನ ಕನ್ನಡ ಪಾಠವೆಂದರೆ ಬೀದಿಯ ಫಲಕವೇ. ಅಲ್ಲಿ ಅಲ್ಪಪ್ರಾಣ ಮಹಾಪ್ರಾಣಗಳು ಒಂದಾದರೆ ಮಗು ಕಲಿಯುವುದೂ ಹಾಗೆಯೇ. ಬಸ್ ನಿಲ್ದಾಣದಲ್ಲಿ ಕಣ್ಣು ಮಂದವಾದ ಅಜ್ಜಿಯ ಪಾಡೇನು? ‘ಸಿರುಗುಪ್ಪ’ದ ಕೆಳಗೆ ತೂಗುವ ಒತ್ತಕ್ಷರ, ‘ಕುರುಗೋಡಿ’ನ ಕೊಂಬುಗಳು ಅವಳಿಗೆ ದೂರದಿಂದಲೇ ಸ್ಪಷ್ಟವಾಗಿ ಕಾಣಬೇಕು.

ಆದುದರಿಂದ ಬಸ್ಸಿನ ಹಲಗೆ, ಆಸ್ಪತ್ರೆ, ಔಷಧದ ಅಂಗಡಿ, ಇವುಗಳಿಗೆ ಸರಳವಾದ ತೆಳು ಅಕ್ಷರವೇ ಇರಲಿ. ಹುಟ್ಟುಹಬ್ಬದ ಕರೆಯೋಲೆಗೆ, ಮಕ್ಕಳ ಕಥೆಯ ಹೊದಿಕೆಗೆ, ಮಿಠಾಯಿಯ ಡಬ್ಬಕ್ಕೆ ಗುಂಡು ತಮ್ಮನನ್ನು ಧಾರಾಳವಾಗಿ ಕರೆಯಿರಿ. ಮಾತು ಎರಡೇ ಇರಲಿ, ಅಳತೆ ದೊಡ್ಡದಿರಲಿ. ಫಲಕ ಬರೆಯಿಸುವವರು ಹಣ ಕೊಡುವ ಮುನ್ನ ಮೂರನೆಯ ತರಗತಿಯ ಮಗುವೊಂದನ್ನು ಬೀದಿಯ ಎದುರುಬದಿಯಲ್ಲಿ ನಿಲ್ಲಿಸಿ ಓದಿಸಲಿ. ಮಗು ತಡವರಿಸಿದರೆ, ಫಲಕಕ್ಕೆ ಒಂದಿಷ್ಟು ಉಪವಾಸ ಅವಶ್ಯವೆಂದು ತಿಳಿಯಲಿ.