ನಾಯಿಯ ತಟ್ಟೆ ಕಸದ ಬುಟ್ಟಿಯಲ್ಲ

ಮಡಕಶಿರಾ, ರಾಯದುರ್ಗ ಸೀಮೆಯಲ್ಲಿ ಕೆಟ್ಟ ಪದಾರ್ಥಕ್ಕೆಲ್ಲ ಒಂದೇ ದಾರಿ. ಕನ್ನಡದಲ್ಲಿ ‘ನಾಯಿಗೆ ಹಾಕು’, ತೆಲುಗಿನಲ್ಲಿ ‘ಕುಕ್ಕಕು ವೇಯಿ’. ಭಾಷೆ ಎರಡಾದರೂ ತಾತ್ಸಾರ ಒಂದೇ. ಬೂಷ್ಟು ಹಿಡಿದ ಕಡಲೆಕಾಯಿ, ಮುಗ್ಗಿದ ಮೆಕ್ಕೆಜೋಳ, ಹಬ್ಬದ ಮಾರನೆಯ ದಿನದ ಎಣ್ಣೆ ತಿಂಡಿ, ಎಲ್ಲವೂ ಅದರ ಪಾಲಿಗೆ. ಹೊಲ, ಕಣ, ಮಂಡಿ ಕಾಯುವ ಪ್ರಾಣಿಗೆ ನಾವು ಕೊಡುವ ಸಂಬಳ ಇದು. ಆಮೇಲೆ ಅದು ಅನ್ನ ಬಿಟ್ಟು, ಕಣ್ಣು ಹಳದಿಯಾಗಿ, ಹೊಟ್ಟೆ ಊದಿಕೊಂಡಾಗ ‘ಯಾರದೋ ದೃಷ್ಟಿ ತಾಕೈತೆ’ ಅಂತೀವಿ.

ದೃಷ್ಟಿಯಲ್ಲ, ಬಹಳ ಸಲ ಅದು ನಮ್ಮ ಮೂಟೆಯದೇ ವಿಷ. ಕಡಲೆಕಾಯಿ, ಮೆಕ್ಕೆಜೋಳದ ಮೇಲೆ ಬೆಳೆಯುವ ಹಳದಿ-ಹಸಿರು ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತದೆ. ಅದರ ಮೊದಲ ಏಟು ಪಿತ್ತಜನಕಾಂಗಕ್ಕೆ, ಅಂದರೆ ಲಿವರಿಗೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಕೆಟ್ಟ ಕಡಲೆಕಾಯಿ ಹಿಂಡಿ ತಿಂದು ಸುಮಾರು 1 ಲಕ್ಷ ಟರ್ಕಿ ಕೋಳಿಗಳು ಸತ್ತ ಮೇಲೆಯೇ ಈ ವಿಷ ಪತ್ತೆಯಾದದ್ದು. 1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿ ಭಾಗದಲ್ಲಿ ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಅದೇ ಊಟ ಹಂಚಿಕೊಂಡ ಊರ ನಾಯಿಗಳೂ ಕಾಮಾಲೆ ಬಂದು ಸತ್ತವು. ಬೇಯಿಸಿದರೆ ಹೋಗುವ ವಿಷವಲ್ಲ ಇದು. ಪೊಟ್ಟಣದ ಆಹಾರ ಎಂದೂ ಕಣ್ಣು ಮುಚ್ಚಿ ನಂಬುವಂತಿಲ್ಲ. 2020ರ ಕೊನೆಯಲ್ಲಿ ಅಮೆರಿಕದಲ್ಲಿ ಇದೇ ವಿಷವಿದ್ದ ಸಿದ್ಧ ಆಹಾರ ತಿಂದು ನೂರಕ್ಕೂ ಹೆಚ್ಚು ನಾಯಿಗಳು ಸತ್ತ ವರದಿಯಿದೆ.

ಕಾಮಾಲೆ ಕಂಡರೆ ಮೊದಲು ಪಶುವೈದ್ಯರ ಬಳಿಗೆ ಹೋಗಬೇಕು. ಇಲಿಜ್ವರದಿಂದಲೂ, ಉಣ್ಣೆ ಕಚ್ಚಿ ಬರುವ ಜ್ವರದಿಂದಲೂ ಕಣ್ಣು ಹಳದಿಯಾದೀತು. ಇಲಿಜ್ವರವಾದರೆ ನಾಯಿಯ ಮೂತ್ರದಿಂದ ಮನೆಯವರಿಗೂ ಅಂಟುತ್ತದೆ. ಮನೆಯಲ್ಲಿದ್ದ ಜ್ವರದ ಮಾತ್ರೆ ಅರೆದು ಹಾಕುವ ಅಭ್ಯಾಸ ಇನ್ನೂ ಅಪಾಯ. ಪ್ಯಾರಾಸಿಟಮಾಲ್ ನಾಯಿಯ ಲಿವರನ್ನೇ ಸುಡುತ್ತದೆ.

ಇನ್ನು ಪಥ್ಯ. ಲಿವರ್ ಕೆಟ್ಟಿದೆ ಎಂದು ಬರೀ ಗಂಜಿ ಹಾಕುವುದು ತಪ್ಪು. ಲಿವರ್ ಮತ್ತೆ ಚಿಗುರಲು ಪ್ರೊಟೀನು ಬೇಕು. ಮೆತ್ತಗೆ ಬೆಂದ ಅನ್ನಕ್ಕೆ ಬೇಯಿಸಿದ ಮೊಟ್ಟೆ ಅಥವಾ ಸ್ವಲ್ಪ ಮೊಸರು ಸೇರಿಸಿ, ಉಪ್ಪು ಖಾರ ಇಲ್ಲದೆ, ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಕೊಟ್ಟರೆ ದಕ್ಕುತ್ತದೆ. ನಾಯಿ ತೂರಾಡಿದರೆ, ಗೋಡೆಗೆ ತಲೆಯೊತ್ತಿ ನಿಂತರೆ ಮಾತ್ರ ವಿಷ ಮಿದುಳಿಗೆ ಏರಿದೆ ಎಂದರ್ಥ. ಆಗ ಮಾಂಸ ನಿಲ್ಲಿಸಿ ತಕ್ಷಣ ವೈದ್ಯರಿಗೆ ತೋರಿಸಬೇಕು. ಬಾಯಾಡಿಸಲು ಏನಾದರೂ ಕೊಡಲೇಬೇಕೆಂದರೆ ಬೇಯಿಸಿದ ಕುಂಬಳಕಾಯಿ, ಕ್ಯಾರೆಟ್, ಬೀಜ ತೆಗೆದ ಸೇಬಿನ ಚೂರು ಸಾಕು.

ಬೋಂಡಾ, ಮಿಕ್ಸ್ಚರ್, ಉಪ್ಪಿನಕಾಯಿ ಅನ್ನ ಬೇಡ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಚಾಕೊಲೇಟ್ ಆರೋಗ್ಯವಾಗಿರುವ ನಾಯಿಗೂ ಬೇಡ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನಲ್ಲಿ ಇರುವ ಕ್ಸೈಲಿಟಾಲ್ ನಾಯಿಗೆ ಲಿವರ್ ವಿಷ. ‘ಲಿವರಿಗೆ ಲಿವರೇ ಮದ್ದು’ ಎಂದು ಕುರಿಯ ಲಿವರ್ ತಂದು ಹಾಕುವವರಿದ್ದಾರೆ. ಅದರಲ್ಲಿ ತಾಮ್ರದ ಅಂಶ ಹೆಚ್ಚು. ರೋಗ ಬಿದ್ದ ಲಿವರ್ ಅದನ್ನು ಹೊರಹಾಕಲಾರದು.

‘ಮನುಷ್ಯರಿಗೇ ಮೊಟ್ಟೆ ಇಲ್ಲ, ನಾಯಿಗೆ ಯಾರು ತರ್ತಾರೆ?’ ಎಂದು ಕೇಳುವವರ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ದೊಡ್ಡ ಖರ್ಚು ಪಥ್ಯದ್ದಲ್ಲ, ಅಸಡ್ಡೆಯದು. ಆರಿಸಿ ಬಿಸಾಡಿದ ಅದೇ ಕೆಟ್ಟ ಬೀಜ ಗಾಣಕ್ಕೆ ಹೋಗುತ್ತದೆ, ಹಿಂಡಿಯಾಗಿ ಹಸುವಿನ ಬಾನಿಗೆ ಬರುತ್ತದೆ, ಅದರ ವಿಷದ ಅಂಶ ಹಾಲಿನಲ್ಲಿ ಇಳಿದು ಮಕ್ಕಳ ಲೋಟ ಸೇರುತ್ತದೆ. ಇಂದು ನಾಯಿಯ ಕಣ್ಣಲ್ಲಿ ಕಂಡ ಹಳದಿ ಇಡೀ ಮನೆಗೆ ಬಂದ ಎಚ್ಚರಿಕೆ.

ಆದ್ದರಿಂದ ರೈತರು ಕಿತ್ತ ಕಾಯನ್ನು ಅಲ್ಲಾಡಿಸಿದರೆ ಗಲಗಲ ಎನ್ನುವವರೆಗೆ ಒಣಗಿಸಲಿ, ನೆಲಕ್ಕೆ ತಾಕದಂತೆ ಹಲಗೆಯ ಮೇಲೆ ಮೂಟೆ ಒಟ್ಟಲಿ. ಮಂಡಿಯವರು ತೂಕ ಹೆಚ್ಚಲೆಂದು ನೀರು ಚಿಮುಕಿಸುವ ಕೆಲಸ ಬಿಡಲಿ. ಬೂಷ್ಟು ಬಂದ ಕಾಳನ್ನು ಸುಡಬೇಕು ಇಲ್ಲವೇ ಹೂಳಬೇಕು. ನಾವು ಬಾಯಿಗಿಡಲು ಹೇಸುವುದನ್ನು ನಾಯಿಯ ತಟ್ಟೆಗೂ ಹಾಕಬಾರದು. ಬಾಗಿಲು ಕಾಯುವ ಜೀವಕ್ಕೆ ಅಷ್ಟು ಋಣವಾದರೂ ನಮ್ಮ ಮೇಲಿದೆ.