ತೂಕ ಹೆಚ್ಚಿದರೆ ಹಿಂಸೆ ತಗ್ಗುವುದೇ?

ವಿದ್ಯಾವಂತರಾದ ನಮ್ಮ ಕೆಲವು ಸಮಾಜಬಾಂಧವರ ಬಾಯಲ್ಲಿ ಈಚೆಗೆ ಒಂದು ವಾದವು ಕೇಳಿಬರುತ್ತಿದೆ. ಸಿಗಡಿ ಸಾಕಣೆಯಲ್ಲಿ ತಳಿ ಆಯ್ಕೆಯ ವಿಜ್ಞಾನವು ಬಂದ ಮೇಲೆ ಒಂದೊಂದು ಸಿಗಡಿಯೂ ಬೇಗ ಬೆಳೆದು ಹೆಚ್ಚು ತೂಗುತ್ತದೆ. ಅಷ್ಟೇ ತೂಕದ ಆಹಾರಕ್ಕೆ ಕಡಿಮೆ ಜೀವಗಳು ಸಾಯುತ್ತವೆ. ಆದುದರಿಂದ ಈ ಉದ್ಯಮದಲ್ಲಿ ಹಣ ತೊಡಗಿಸುವುದು ಶ್ರಾವಕನಿಗೆ ಅಷ್ಟೇನೂ ದೋಷವಲ್ಲ ಎಂಬುದು ಆ ವಾದದ ಸಾರ. ಕೇಳಲು ಹಿತವಾದ ಈ ಮಾತು ಲೆಕ್ಕಕ್ಕೂ ನಿಲ್ಲದು, ಧರ್ಮಕ್ಕೂ ನಿಲ್ಲದು.

ಮೊದಲು ವಿಜ್ಞಾನವು ಹೇಳುವುದನ್ನು ಸರಿಯಾಗಿ ತಿಳಿಯೋಣ. ಒಂದೇ ಕೊಳದ ಸಿಗಡಿಗಳ ತೂಕದಲ್ಲಿ ಕಾಣುವ ವ್ಯತ್ಯಾಸದಲ್ಲಿ ಒಂದು ಪಾಲು ಆಹಾರ, ನೀರು ಮೊದಲಾದುವುಗಳಿಂದ ಬಂದುದು. ಇನ್ನೊಂದು ಪಾಲು ತಾಯಿತಂದೆಗಳಿಂದ ಬಂದುದು. ಈ ಎರಡನೆಯ ಪಾಲನ್ನು ಅನುವಂಶೀಯತೆಯ ಪ್ರಮಾಣವೆನ್ನುತ್ತಾರೆ. ಸರಾಸರಿ 20 ಗ್ರಾಂ ತೂಗುವ ಹಿಂಡಿನಿಂದ ಸರಾಸರಿ 25 ಗ್ರಾಂ ತೂಗುವವುಗಳನ್ನು ಮಾತ್ರ ಆರಿಸಿ ಮರಿ ಮಾಡಿಸಿದರೆ, ಆ ಪ್ರಮಾಣವು 0.3 ಎಂದಿಟ್ಟುಕೊಂಡಲ್ಲಿ, 5 ಗ್ರಾಂ ವ್ಯತ್ಯಾಸದಲ್ಲಿ ಒಂದೂವರೆ ಗ್ರಾಂ ಮುಂದಿನ ಪೀಳಿಗೆಗೆ ದಕ್ಕುತ್ತದೆ. ಪ್ರತಿ ಪೀಳಿಗೆಯಲ್ಲಿಯೂ ಹೀಗೆ ಆರಿಸುತ್ತ ಹೋದರೆ ಲಾಭವು ಅಸಲಿಗೆ ಸೇರಿದ ಬಡ್ಡಿಯಂತೆ ಕೂಡುತ್ತ ಹೋಗುತ್ತದೆ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯು ಗುಜರಾತ್, ಕೇರಳ, ಒಡಿಶಾಗಳ ಸಿಹಿನೀರು ಸಿಗಡಿಗಳಿಂದ 2007ರಲ್ಲಿ ಇಂತಹ ಆಯ್ಕೆಯನ್ನು ಆರಂಭಿಸಿತು. ಉಪ್ಪುನೀರಿನ ಕೊಳಗಳಿಗಾದರೋ 2009ರಿಂದ, ಹೊರದೇಶದಲ್ಲಿ ಹೀಗೆಯೇ ಆರಿಸಿ ಬೆಳೆಸಿದ ವನ್ನಾಮಿ ಎಂಬ ಸಿಗಡಿಯನ್ನು ತರಿಸಲಾಯಿತು. ನಮ್ಮ ಉತ್ತರ ಕನ್ನಡದ ಕರಾವಳಿಗೂ ಅದು ಬಂದಿತು.

ಈಗ ವ್ಯಾಪಾರಿಗಳಾದ ನಾವು ನಮ್ಮ ಲೆಕ್ಕವನ್ನು ಹಾಕೋಣ. 2009ರ ಹೊತ್ತಿಗೆ ದೇಶದಲ್ಲಿ ಸಾಕಿದ ಸಿಗಡಿಯ ಉತ್ಪನ್ನವು ಸುಮಾರು 1 ಲಕ್ಷ ಟನ್ ಇದ್ದಿತು. ಹನ್ನೆರಡು ವರ್ಷಗಳಲ್ಲಿ ಅದು 8 ಲಕ್ಷ ಟನ್ ದಾಟಿತು. ಕಿಲೋಗೆ 40 ಸಿಗಡಿಗಳೆಂದು ಹಿಡಿದರೆ ಮೊದಲು ಸತ್ತವು 400 ಕೋಟಿ. ಈಗ ಒಂದೊಂದೂ ಕಾಲುಭಾಗ ಹೆಚ್ಚು ತೂಗುತ್ತದೆ, ಕಿಲೋಗೆ 32 ಮಾತ್ರ ಎಂದು ವಾದಿಗಳ ಪರವಾಗಿಯೇ ಒಪ್ಪಿದರೂ, 8 ಲಕ್ಷ ಟನ್ನಿಗೆ 2,560 ಕೋಟಿ ಜೀವಗಳು! ಬೇಗ ಬೆಳೆಯುವ ತಳಿಯಿಂದ ಖರ್ಚು ತಗ್ಗುತ್ತದೆ. ಖರ್ಚು ತಗ್ಗಿದರೆ ಕೊಳಗಳು ಹೆಚ್ಚುತ್ತವೆ. ಕಿಲೋ ಒಂದಕ್ಕೆ ಸಾಯುವ ಜೀವಗಳು ಕಡಿಮೆಯಾದರೂ ವರ್ಷಕ್ಕೆ ಸಾಯುವ ಜೀವಗಳು ಆರುಪಟ್ಟು ಮೀರುತ್ತವೆ. ಆತ್ಮಕ್ಕೆ ಅಂಟುವ ಕರ್ಮವು ಕಿಲೋ ಲೆಕ್ಕದಲ್ಲಿ ಅಂಟುವುದಿಲ್ಲ.

ಇನ್ನು ಮರಿ ಮಾಡಿಸುವ ವಿಧಾನವನ್ನು ನೋಡಿರಿ. ಹೆಣ್ಣು ಸಿಗಡಿಯ ಕಣ್ಣಿನ ತೊಟ್ಟಿನಲ್ಲಿ ಮೊಟ್ಟೆ ಬಲಿಯುವುದನ್ನು ತಡೆಯುವ ಸ್ರಾವವೊಂದು ಉಂಟಾಗುತ್ತದೆ. ಬೇಗ ಮೊಟ್ಟೆ ಇಡಲೆಂದು ವನ್ನಾಮಿಯ ಹ್ಯಾಚರಿಗಳಲ್ಲಿ ಅದರ ಒಂದು ಕಣ್ಣನ್ನು ತೊಟ್ಟಿನ ಸಮೇತ ಕತ್ತರಿಸುವುದು ಅಥವಾ ಹಿಸುಕಿಹಾಕುವುದು ರೂಢಿಯಾಗಿದೆ. ಸಿಹಿನೀರಿನ ಸಿಗಡಿಗೆ ಇದು ಬೇಕಾಗುವುದಿಲ್ಲ. ಹೊರದೇಶದ ಕೆಲವರು ಈಗ ಇದನ್ನು ಬಿಡುತ್ತಲೂ ಇದ್ದಾರೆ. ಆದರೆ ನಮ್ಮ ಶಾಸ್ತ್ರವು ಇದನ್ನು ಎಂದೋ ಹೆಸರಿಸಿ ನಿಷೇಧಿಸಿದೆ. ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅಂಗಗಳನ್ನು ಕತ್ತರಿಸುವ ಛೇದವನ್ನು ಹೇಳುತ್ತದೆ. ಪಂಡಿತ ಆಶಾಧರರು 13ನೆಯ ಶತಮಾನದಲ್ಲಿ ಸಾಗಾರಧರ್ಮಾಮೃತದಲ್ಲಿ ಎಣಿಸಿದ 15 ಖರಕರ್ಮಗಳಲ್ಲಿ ಪ್ರಾಣಿಗಳ ಅಂಗವನ್ನು ಊನಗೊಳಿಸಿ ಜೀವಿಸುವ ನಿರ್ಲಾಂಛನವೂ ಉಂಟು, ಜಲಾಶಯವನ್ನು ಬರಿದುಮಾಡುವ ಸರಃಶೋಷವೂ ಉಂಟು. ಕಣ್ಣುಳ್ಳ ಜೀವಿಯು ಕನಿಷ್ಠಪಕ್ಷ ಚತುರಿಂದ್ರಿಯ. ಅದರ ಆ ನಾಲ್ಕನೆಯ ಇಂದ್ರಿಯಕ್ಕೇ ಇಲ್ಲಿ ಕತ್ತರಿ ಹಾಕುತ್ತಾರೆ!

‘ಹಾಗಾದರೆ ತೊಗರಿಯ ತಳಿ ಆರಿಸುವುದೂ ಪಾಪವೇ?’ ಎಂದು ಕೇಳುವವರಿದ್ದಾರೆ. ನೆಟೆ ರೋಗವನ್ನು ತಾಳುವ ‘ಮಾರುತಿ’ ತಳಿಯು 1986ರಲ್ಲಿ ಬಿಡುಗಡೆಯಾಗಿ ನಮ್ಮ ಆಳಂದ, ಅಫಜಲಪುರ, ಜೇವರ್ಗಿಗಳಂತಹ ತೊಗರಿಯ ಸೀಮೆಗೆ ಆಸರೆಯಾಯಿತು. ಆಯ್ಕೆಯೆಂಬ ವಿದ್ಯೆಯಲ್ಲಿ ದೋಷವಿಲ್ಲ. ಬೇಸಾಯದಲ್ಲಿ ಆಗುವ ಹಿಂಸೆಯು ಉದ್ಯಮೀ ಹಿಂಸೆ. ಗೃಹಸ್ಥನು ಅದನ್ನು ಎಚ್ಚರದಿಂದ ಮಿತಗೊಳಿಸುತ್ತಾನೆ. ಸಿಗಡಿಯನ್ನಾದರೋ ಕೊಲ್ಲುವುದಕ್ಕಾಗಿಯೇ ಹುಟ್ಟಿಸುತ್ತಾರೆ. ಅದರ ವಂಶವನ್ನೇ ಆ ಉದ್ದೇಶಕ್ಕೆ ತಿದ್ದುತ್ತಾರೆ. ಇದು ಸಂಕಲ್ಪೀ ಹಿಂಸೆಯಲ್ಲದೆ ಬೇರೇನು?

ಕಾನೂನಿನ ಅನುಮತಿ ಇದೆಯೆಂಬುದೂ ಉತ್ತರವಲ್ಲ. 1996ರ ಡಿಸೆಂಬರ್ 11ರಂದು ಸರ್ವೋಚ್ಚ ನ್ಯಾಯಾಲಯವು ಕರಾವಳಿ ನಿಯಂತ್ರಣ ವಲಯದಲ್ಲಿ ಇಂತಹ ಕೊಳಗಳನ್ನು ನಿಷೇಧಿಸಿತು. 2005ರ ಕಾಯಿದೆಯು ಅವಕ್ಕೆ ಮತ್ತೆ ದಾರಿ ಕೊಟ್ಟಿತು. ಸರಕಾರದ ಅನುಮತಿಯು ಬದಲಾದಂತೆ ಅಣುವ್ರತವು ಬದಲಾಗುವುದಿಲ್ಲ.

ಮಟಕಿಗೂ ಕಡಲಿಗೂ ಏನು ಸಂಬಂಧವೆಂದು ಓದುಗರು ಸುಮ್ಮನಿರಬಾರದು. ನಮ್ಮ ಸೀಮೆಯಲ್ಲಿ ಸೋಯಾ ಬೆಳೆಯುತ್ತದೆ. ಸೋಯಾ ಹಿಂಡಿಯು ಸಿಗಡಿಯ ಮೇವಿನ ಮುಖ್ಯ ಪದಾರ್ಥಗಳಲ್ಲಿ ಒಂದು. ಷೇರುಗಳ ಮೂಲಕ ನಮ್ಮ ಉಳಿತಾಯವೂ ಅಲ್ಲಿಗೆ ಹೋಗಬಹುದು. ಕೃತ, ಕಾರಿತ, ಅನುಮೋದಿತ ಎಂಬ ಮೂರನ್ನೂ ಕಲಿತ ನಾವು, ಕೈಯಿಂದ ಮುಟ್ಟಲಿಲ್ಲವಾದ್ದರಿಂದ ಶುದ್ಧರೆಂದು ಹೇಳುವಂತಿಲ್ಲ. ಹೊಟ್ಟೆಪಾಡಿಗಾಗಿ ಕೊಳ ಕಾಯುವ ಬಡವನನ್ನು ನಾನು ದೂಷಿಸುತ್ತಿಲ್ಲ. ಆಯ್ಕೆಯ ಅವಕಾಶವಿರುವ ನಮ್ಮನ್ನೇ ಕೇಳುತ್ತಿದ್ದೇನೆ.

ಆದುದರಿಂದ ಮೂರು ಮಾತುಗಳು. ಹಿಂಡಿಯನ್ನು ಮಾರುವ ಸಾಧರ್ಮಿಗಳು ಅದು ಯಾವ ಮೇವಿನ ಕಾರ್ಖಾನೆಗೆ ಹೋಗುತ್ತದೆಂದು ವಿಚಾರಿಸಿ, ಸಿಗಡಿಯ ಮೇವಿಗೆ ಕೊಡುವುದನ್ನು ಬಿಡಲಿ. ಷೇರು ಕೊಳ್ಳುವವರು ಕಂಪನಿಯ ವಾರ್ಷಿಕ ವರದಿಯಲ್ಲಿ ಲಾಭಾಂಶದ ಜೊತೆಗೆ ವ್ಯವಹಾರವನ್ನೂ ಓದಲಿ. ಬಸದಿಗಳ ಟ್ರಸ್ಟಿನವರು ಅಭಿಷೇಕದ ಸವಾಲಿನ ಹಣವಾಗಲಿ, ಜೀರ್ಣೋದ್ಧಾರದ ದಾನವಾಗಲಿ ಈ ಉದ್ಯಮದ್ದೆಂದು ತಿಳಿದಾಗ ವಿನಯದಿಂದ ಹಿಂತಿರುಗಿಸುವ ನಿರ್ಣಯವನ್ನು ಮುಂದಿನ ಸಭೆಯಲ್ಲಿಯೇ ಮಾಡಲಿ. ಶಿಖರವು ಒಂದು ವರ್ಷ ತಡವಾಗಿ ಏರಿದರೆ ಧರ್ಮಕ್ಕೆ ನಷ್ಟವಿಲ್ಲ.